ಮೂರು ಸುತ್ತಿನ ಗಂಟು

"ಬರ್ತಿರೋದು ಕನ್ನಡಕ ತಾನೇ, ಪೊಲೀಸರೇನೂ ಅಲ್ವಲ್ಲ. ಯಾಕಮ್ಮ ಇಷ್ಟು ಬೆವರ್ತೀಯ?" ಎಂದ ಹಬೆಯಣ್ಣ, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಒತ್ತುತ್ತ. ಚುಸ್ಸೆಂದು ಎದ್ದ ಹಬೆಯಲ್ಲಿ ಅವನ ಮುಖ ಅರೆಗಳಿಗೆ ಮಾಯವಾಯಿತು.

"ನಿನ್ನ ಇಸ್ತ್ರಿ ಶಾಖಕ್ಕೆ ಅಣ್ಣ," ಎಂದಳು ಸೊಸೆ.

"ಹೌದೌದು. ಮೂರು ವರ್ಷದಿಂದ ಇದೇ ಶಾಖದ ಮುಂದೆ ನಿಂತಿದ್ದೀಯ, ಇವತ್ತು ಬೆವರು ಬಂತು."

ಅವನ ನಿಜವಾದ ಹೆಸರು ಆ ಬೀದಿಗೆ ಮರೆತುಹೋಗಿ ಎಷ್ಟೋ ಕಾಲವಾಗಿತ್ತು. ಅವನ ಇಸ್ತ್ರಿ ಅಂಗಡಿಗೂ ಅತ್ತೆಯ ಹೊಲಿಗೆ ಅಂಗಡಿಗೂ ನಡುವೆ ಒಂದು ಹಲಗೆಯ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಬಟ್ಟೆ ಅಲ್ಲಿಂದಲೇ ಹೋಗುತ್ತಿತ್ತು, ಬರುತ್ತಿತ್ತು. ಮಾತೂ ಅಷ್ಟೆ. ಮಾತು ರುಚಿಯಾಗಿದ್ದರೆ ಹಬೆಯಣ್ಣನ ತಲೆಯೂ ಬರುತ್ತಿತ್ತು.

ಈಗ ಅವನ ಮೇಜಿನ ಮೇಲಿದ್ದದ್ದು ಅತ್ತೆ ಬೆಳಿಗ್ಗೆ ಹೊಲಿದ ಅಂಗಿ. ಸರಿಯಾಗಿ ಹೇಳಬೇಕೆಂದರೆ, ಅತ್ತೆ ಬೆಳಿಗ್ಗೆ ಹೊಲಿದು, ನಾಲ್ಕು ಗಂಟೆಗೆ ಮನೆಗೆ ಹೊರಟ ಮೇಲೆ ಸೊಸೆ ಬಿಚ್ಚಿ, ತನ್ನ ಮಿಷನ್ನಿನಲ್ಲಿ ಮತ್ತೆ ಹೊಲಿದ ಅಂಗಿ. ಹೊಲಿಗೆ ಬಿಚ್ಚಿದರೆ ಬಟ್ಟೆಯ ಮೇಲೆ ಇರುವೆ ಸಾಲಿನಂತೆ ತೂತುಗಳು ಉಳಿಯುತ್ತವೆ. ಅದರ ಮೇಲೆ ಒದ್ದೆ ಬಟ್ಟೆ ಹಾಸಿ ಹಬೆ ಕೊಟ್ಟು, ಉಗುರಿನಿಂದ ಒಮ್ಮೆ ಅಡ್ಡ, ಒಮ್ಮೆ ಉದ್ದ ಗೀರಿದರೆ ನೂಲುಗಳು ಮತ್ತೆ ಹತ್ತಿರ ಬಂದು ತೂತು ಮುಚ್ಚಿಕೊಳ್ಳುತ್ತದೆ. ಅದು ಹಬೆಯಣ್ಣನ ವಿದ್ಯೆ. ಹೀಗೆ ಮೂರು ವರ್ಷದಿಂದ ನಾಲ್ಕರಿಂದ ಆರರವರೆಗೆ ಇಬ್ಬರೂ ಸೇರಿ ಕಳ್ಳತನ ನಡೆಸಿದ್ದರು. ಏನನ್ನೂ ಕದಿಯದ ಕಳ್ಳತನ.

ಅದು ಶುರುವಾದದ್ದು ಒಂದು ಕಾಲರಿನಿಂದ. ಮೇಷ್ಟರೊಬ್ಬರು ಹೊಸ ಅಂಗಿ ಹಾಕಿಕೊಂಡು ಬಂದು ಅಂಗಡಿಯ ಮುಂದೆ ನಿಂತಿದ್ದರು. ಕಾಲರಿನ ಒಂದು ಕಿವಿ ಮೇಲೆ, ಒಂದು ಕೆಳಗೆ, ಹೆದರಿದ ಮೊಲದ ಹಾಗೆ. ಅತ್ತೆ ಆಗಷ್ಟೇ ಮನೆಗೆ ಹೋಗಿದ್ದರು. "ನಲವತ್ತು ವರ್ಷದಿಂದ ಇವರ ಕೈಲೇ ಹೊಲಿಸಿದ್ದೀನಮ್ಮ. ನೀವೇ ಸರಿಮಾಡಿ ಕೊಡಿ. ಹಿರಿಯರ ಕಿವಿಗೆ ಹಾಕಬೇಡಿ," ಎಂದರು ಮೇಷ್ಟರು. ಸೊಸೆ ಸರಿಮಾಡಿಕೊಟ್ಟಳು. ಕಿವಿಗೆ ಹಾಕಲಿಲ್ಲ. ಒಂದು ಅಂಗಿ ಎರಡಾಯಿತು, ಎರಡು ಹತ್ತಾಯಿತು. ಆಮೇಲೆ ಯಾರೂ ವಾಪಸು ತರುವ ಹಾಗಿರಲಿಲ್ಲ. ಹೊರಗೆ ಹೋಗುವ ಮೊದಲೇ ಸೊಸೆ ಎಲ್ಲವನ್ನೂ ಬಿಚ್ಚಿ ನೋಡತೊಡಗಿದಳು. "ಮೂರು ವರ್ಷದಿಂದ ಒಂದು ಬಟ್ಟೆ ವಾಪಸ್ ಬಂದಿಲ್ಲ ನೋಡು. ನನ್ನ ಬೆರಳಿಗೇ ಕಣ್ಣಿದೆ," ಎಂದು ಅತ್ತೆ ಬಂದವರಿಗೆಲ್ಲ ಹೇಳಿಕೊಳ್ಳುವರು. ಸೊಸೆ ಆಗೆಲ್ಲ ಗುಂಡಿಯ ಡಬ್ಬಿಯೊಳಗೆ ಏನೋ ಹುಡುಕುವಳು. ಆ ಡಬ್ಬಿಯ ತಳದಲ್ಲೇ ಅವಳು ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಅಡಗಿಸಿಟ್ಟದ್ದು.

ಹೇಳದೆ ಇದ್ದದ್ದಕ್ಕೆ ಕಾರಣ ಇತ್ತು. ಅವಳು ಮದುವೆಯಾಗಿ ಬಂದ ವರ್ಷವೇ ಅತ್ತೆ ಕತ್ತರಿ ತೋರಿಸಿ ಹೇಳಿದ್ದರು: "ಈ ಕೈ ಸೋತ ದಿನ ಇದನ್ನ ಕೆಳಗಿಡ್ತೀನಿ. ಆಮೇಲೆ ಒಂದು ಗುಂಡಿಯನ್ನೂ ಹಚ್ಚಲ್ಲ." ಅತ್ತೆಯ ಮಾತು ಅತ್ತೆಯ ಕತ್ತರಿಯಂತೆ, ಒಮ್ಮೆ ಬಿದ್ದರೆ ಬಿತ್ತು. ಮಾವ ತೀರಿಕೊಂಡಾಗ ಅತ್ತೆ ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತಿದ್ದರು. ಕೊನೆಗೆ ಸೊಸೆಯೇ ಕೈಹಿಡಿದು ತಂದು ಮಿಷನ್ನಿನ ಮುಂದೆ ಕೂರಿಸಿದ್ದಳು. ಕಾಲು ಪೆಡಲಿನ ಮೇಲೆ ಬಿದ್ದ ದಿನವೇ ಅತ್ತೆ ತಟ್ಟೆಯ ಮುಖವನ್ನೂ ನೋಡಿದರು. ಅಂಥವರ ಕೈಯಿಂದ ಕತ್ತರಿ ಕೆಳಗಿಳಿದರೆ ಮುಂದೇನು ಎಂದು ಸೊಸೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗಿರುವಾಗ ಹೋದ ವಾರ ನಾದಿನಿ ಬಂದಳು. ಎಲ್ಲವನ್ನೂ ತಿಳಿದುಕೊಳ್ಳಬೇಕು ಎನ್ನುವ ಜೀವ ಅವಳದು. ತಾಯಿ ಸಕ್ಕರೆ ಡಬ್ಬಿ ಎಂದು ಉಪ್ಪಿನ ಡಬ್ಬಿಗೆ ಕೈಹಾಕಿದ್ದನ್ನು ನೋಡಿದವಳೇ ಎಳೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿಸಿ, ಕನ್ನಡಕಕ್ಕೆ ಹೇಳಿ, ಊರಿಗೆ ಹೊರಟುಹೋದಳು. "ಗೊತ್ತಾಗೋದ್ರಲ್ಲಿ ನಷ್ಟ ಏನಿದೆ ಅತ್ತಿಗೆ?" ಎಂದಿದ್ದಳು ಹೋಗುವಾಗ. ಕನ್ನಡಕ ನಾಳೆ ಬರುವುದಿತ್ತು.

"ಈಗಲೂ ಹೇಳಿಬಿಡ್ಲಾ ಅಣ್ಣ?" ಎಂದಳು ಸೊಸೆ.

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು. ತೂತು ನಾನು ಮುಚ್ಚಿದ್ದೀನಿ, ಮಾತು ನೀನು ಮುಚ್ಚು. ಅವರಿಗೆ ಗೊತ್ತಾಗದಿದ್ರೆ ಯಾರ ಗಂಟು ಹೋಗುತ್ತೆ?"

ಗಂಟು ಎಂದ ಕೂಡಲೇ ಸೊಸೆ ಕಿಂಡಿಯಿಂದ ಆ ಅಂಗಿಯ ಒಳಮಗ್ಗುಲನ್ನು ಇಣುಕಿ ನೋಡಿದಳು.

ಯಾಕೆಂದರೆ ಆ ಅಂಗಡಿಯಲ್ಲಿ ಗಂಟಿಗೆ ಒಂದು ಕಟ್ಟಳೆ ಇತ್ತು. ಮಿಷನ್ನಿನಲ್ಲಿ ಹೊಲಿದ ಮೇಲೆ ದಾರದ ತುದಿಯನ್ನು ಒಳಮಗ್ಗುಲಿಗೆ ಎಳೆದು, ಸೂಜಿಗೆ ಸುತ್ತಿ, ಕೈಯಲ್ಲೇ ಗಂಟು ಹಾಕಬೇಕು. ಅತ್ತೆಯದು ಎರಡು ಸುತ್ತಿನ ಗಂಟು. ಸೊಸೆ ಕೆಲಸ ಕಲಿತ ದಿನ ಅತ್ತೆಯೇ ಹೇಳಿದ್ದರು, "ನಿನ್ನದು ಮೂರು ಸುತ್ತು ಇರಲಿ. ನಾಳೆ ಬಟ್ಟೆ ವಾಪಸ್ ಬಂದ್ರೆ ಯಾರ ಕೈ ಅಂತ ಗೊತ್ತಾಗಬೇಕು. ಯಾರ ತಪ್ಪು ಅವರ ತಲೆಗೆ." ಮೂರು ವರ್ಷ ಅತ್ತೆಯ ಹೊಲಿಗೆಯನ್ನು ಬಿಚ್ಚಿ ಹೊಲಿದ ಸೊಸೆ, ಅತ್ತೆಯ ಅಳತೆಗೆ ಹೊಲಿದಳು, ಅತ್ತೆಯ ದಾರದಲ್ಲೇ ಹೊಲಿದಳು, ಆದರೆ ಕೊನೆಗೆ ಬಂದಾಗ ಎರಡು ಸುತ್ತು ಸುತ್ತಿ ನಿಲ್ಲಿಸಲು ಕೈ ಒಪ್ಪಲಿಲ್ಲ. ಅದು ಇನ್ನೊಬ್ಬರ ಸಹಿ ಹಾಕಿದ ಹಾಗೆ. ಬಾಯಲ್ಲಿ ಸುಳ್ಳು ಹೇಳಬಹುದು, ಸೂಜಿಯಲ್ಲಿ ಹೇಗೆ ಹೇಳುವುದು? ಹಾಗಾಗಿ ಬೀದಿಯ ಅರ್ಧ ಜನರ ಮೈಮೇಲೆ, ಬಟ್ಟೆಯ ಒಳಮಗ್ಗುಲಲ್ಲಿ, ಮೂರು ಸುತ್ತಿನ ಗಂಟುಗಳು ಓಡಾಡುತ್ತಿದ್ದವು.

"ಅವೆಲ್ಲ ಜನರ ಮನೇಲಿವೆ," ಎಂದಳು ಸೊಸೆ, ತನಗೇ ಹೇಳಿಕೊಳ್ಳುವಂತೆ. "ನಾಳೆಯಿಂದ ಅತ್ತೆಗೆ ಕಣ್ಣು ಕಾಣುತ್ತೆ, ಹೊಲಿಗೆ ನೆಟ್ಟಗೆ ಬರುತ್ತೆ. ಹಳೇದನ್ನ ಯಾರು ಬಿಚ್ಚಿ ನೋಡ್ತಾರೆ? ನಾನು ಹೇಳಲ್ಲ. ಸಾಯೋವರೆಗೂ ಹೇಳಲ್ಲ."

"ಭೇಷ್," ಎಂದ ಹಬೆಯಣ್ಣ. "ತಗೋ ಅಂಗಿ. ತೂತು ಎಲ್ಲಿತ್ತು ಅಂತ ಈಗ ನನಗೇ ಗೊತ್ತಿಲ್ಲ."

ಮರುದಿನ ಹತ್ತು ಗಂಟೆಗೆ ಕನ್ನಡಕ ಬಂತು. ಅತ್ತೆ ಅದನ್ನು ಹಾಕಿಕೊಂಡು, ಹೊಸ ಬಟ್ಟೆಯ ಅಳತೆ ನೋಡುವವರಂತೆ ತಲೆಯನ್ನು ಒಂದು ಸುತ್ತು ತಿರುಗಿಸಿದರು.

"ಅಯ್ಯೋ," ಎಂದರು ಸೊಸೆಯನ್ನು ನೋಡಿ. "ನಿನ್ನ ಕೂದಲು ಯಾವಾಗ ನರೀತು?"

"ನಿಮ್ಮ ಮಗನನ್ನ ಕಟ್ಟಿಕೊಂಡ ಮೇಲೆ ಅತ್ತೆ."

"ಅವನು ಮನೇಲಿರೋದೇ ವಾರಕ್ಕೆ ಎರಡು ದಿನ, ಬಸ್ಸು ಓಡಿಸ್ಕೊಂಡು. ಏಳೂ ದಿನ ಇದ್ದಿದ್ರೆ ನೀನು ಬೋಳೇ ಆಗಿರ್ತಿದ್ದೆ." ಕಿಂಡಿಯತ್ತ ತಿರುಗಿದರು. "ಅದು ಯಾರು? ಹಬೆಯಣ್ಣನೇನೋ? ನಿನ್ನ ಮುಖದಲ್ಲಿ ಇಷ್ಟೊಂದು ಸುಕ್ಕಿದೆಯಲ್ಲೋ. ಇಸ್ತ್ರಿಯವನು ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗಲ್ವಾ?"

ಎಲ್ಲರೂ ನಕ್ಕರು. ಅತ್ತೆಯ ನಗು ಎಲ್ಲರಿಗಿಂತ ದೊಡ್ಡದು. ಮೂಲೆಯ ಜೇಡರ ಬಲೆ ನೋಡಿದರು, ಟೇಪಿನ ಸಣ್ಣ ಗೆರೆಗಳನ್ನು ನೋಡಿದರು, ಬೀದಿಯ ಆಚೆ ಬದಿಯ ಬೋರ್ಡನ್ನು ಗಟ್ಟಿಯಾಗಿ ಓದಿದರು. ಸೊಸೆಯ ಎದೆ ಹಗುರಾಯಿತು. ಪರವಾಗಿಲ್ಲ, ಗಂಡಾಂತರ ಕಳೆಯಿತು ಎಂದುಕೊಂಡಳು.

ಹನ್ನೊಂದಕ್ಕೆ ಪೋಸ್ಟಮ್ಮ ಬಂದರು. ಬೀದಿಯ ಕೊನೆಯ ಅಂಚೆ ಕಚೇರಿಯನ್ನು ಮೂವತ್ತೇಳು ವರ್ಷ ನಡೆಸಿದ ಹೆಂಗಸು. ಶನಿವಾರ ನಿವೃತ್ತಿ. ಕೆಲಸಕ್ಕೆ ಸೇರಿದ ದಿನ ಹಾಕಿಕೊಂಡಿದ್ದ ಕೋಟು ಅತ್ತೆ ಹೊಲಿದದ್ದು. ಬಿಟ್ಟು ಹೋಗುವ ದಿನದ ಕೋಟೂ ಅತ್ತೆಯ ಕೈಯದೇ ಆಗಬೇಕೆಂದು ಹಟ. ಬೂದು ಬಣ್ಣದ ಬಟ್ಟೆ ತಂದು ಇಟ್ಟಾಗಿತ್ತು. ಅಳತೆ ಹಿಡಿದು ಕತ್ತರಿಸುವುದು ಬಾಕಿ.

"ಮೇಲಿನ ಕೋಟು ತೆಗೀರಿ," ಎಂದರು ಅತ್ತೆ. "ಇದು ನಾನು ಹೋದ ವರ್ಷ ಹೊಲಿದದ್ದಲ್ವಾ? ತೋಳು ಎಲ್ಲಾದರೂ ಹಿಡಿಯುತ್ತಾ ನೋಡೋಣ, ಅಲ್ಲಿ ಸಡಿಲ ಬಿಡ್ತೀನಿ."

ಸೊಸೆ ದಾರದ ಉಂಡೆಯನ್ನು ಕೈಯಿಂದ ಬೀಳಿಸಿದಳು. "ಅತ್ತೆ, ಅದನ್ನ ನಾನು ನೋಡ್ತೀನಿ, ಇಲ್ಲಿ ಕೊಡಿ…"

ಅಷ್ಟರಲ್ಲಿ ಅತ್ತೆ ಕೋಟಿನ ತೋಳನ್ನು ಒಳಮಗ್ಗುಲಿಗೆ ತಿರುವಿಯಾಗಿತ್ತು. ಭುಜದ ಹೊಲಿಗೆ ನೋಡಿದರು. ಮುಖದಲ್ಲಿ ಮೆಚ್ಚುಗೆ ಬಂತು. "ಎಷ್ಟು ನೆಟ್ಟಗಿದೆ ನೋಡಿ, ಗೆರೆ ಎಳೆದ ಹಾಗೆ," ಎಂದರು. ಹೊಲಿಗೆಯ ಕೊನೆಗೆ ಕಣ್ಣು ಹೋಯಿತು. ಅಲ್ಲೇ ನಿಂತಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕಣ್ಣನ್ನು ನಂಬದವರಂತೆ ತೋರುಬೆರಳ ತುದಿಯಿಂದ ಗಂಟನ್ನು ಮುಟ್ಟಿ ನೋಡಿದರು. ಒಂದು, ಎರಡು, ಮೂರು. ಇನ್ನೊಂದು ತೋಳು ತಿರುವಿದರು. ಬೆನ್ನಿನ ಹೊಲಿಗೆ, ಕಾಲರು, ಅಂಚು.

ಕಿಂಡಿಯಿಂದ ತೂರಿದ್ದ ತಲೆ ಮೆಲ್ಲಗೆ ಹಿಂದಕ್ಕೆ ಸರಿಯಿತು.

"ಇದನ್ನ ಯಾರು ಹೊಲಿದದ್ದು?"

ಸೊಸೆ ಬಗ್ಗಿ, ಬಿದ್ದಿದ್ದ ದಾರದ ಉಂಡೆಗೆ ಕೈಚಾಚಿದಳು.

"ನಿನ್ನನ್ನೇ ಕೇಳ್ತಿರೋದು. ಇದೊಂದೇನಾ?"

ಸಾಯುವವರೆಗೂ ಹೇಳುವುದಿಲ್ಲ ಎಂದವಳಿಗೆ ಒಂದು ದಿನವೂ ತುಂಬಿರಲಿಲ್ಲ. "ಇದೊಂದೇ ಅಲ್ಲ ಅತ್ತೆ," ಎಂದಳು.

ಅತ್ತೆ ಕುರ್ಚಿಯ ಮೇಲೆ ಕೂತರು. ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಎತ್ತಿದರು, ಅದರ ಬಾಯಿ ಮುಚ್ಚಿದರು, ಕೊಕ್ಕಿಗೆ ಒಂದು ಚಿಂದಿ ಸುತ್ತಿದರು. ದೂರ ಪ್ರಯಾಣಕ್ಕೆ ಒಯ್ಯುವಾಗ ಹಾಗೆ ಸುತ್ತುತ್ತಾರೆ. ಸುತ್ತಿ, ಕೆಳಗೆ, ನೆಲದ ಮೇಲೆ ಇಟ್ಟರು. ಮೂರು ವರ್ಷ ಯಾವುದನ್ನು ತಡೆಯಲು ಸೊಸೆ ಬೆರಳು ನೋಯಿಸಿಕೊಂಡಿದ್ದಳೋ ಅದು ಕಣ್ಣೆದುರೇ ನೆಲಕ್ಕಿಳಿದಿತ್ತು.

"ಪೋಸ್ಟಮ್ಮ, ನಿಮಗೂ ಗೊತ್ತಿತ್ತಾ?" ಎಂದರು ಅತ್ತೆ.

"ಗೊತ್ತಿತ್ತು," ಎಂದರು ಪೋಸ್ಟಮ್ಮ. ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು. "ಬೀದಿಗೆಲ್ಲ ಗೊತ್ತು."

"ನೀವು ಇಷ್ಟು ವರ್ಷ ಜನರ ಕಾಗದ ಮುಟ್ಟಿದವರು. ಯಾವುದಾದ್ರೂ ಕಾಗದಾನ ಇವರಿಗೆ ಬೇಡ ಅಂತ ತಡೆದಿದ್ದೀರಾ?"

"ಇಲ್ಲಮ್ಮ. ಒಡೆದು ನೋಡೋದೂ ನಮ್ಮ ಕೆಲಸ ಅಲ್ಲ, ತಡೆದು ಇಟ್ಕೊಳ್ಳೋದೂ ಅಲ್ಲ. ಆದರೆ ಕೆಟ್ಟ ಸುದ್ದಿ ತಂತಿ ಬಂದಾಗ ಕೆಲವು ಸಲ ಹೊರಗೆ ಜಗಲಿ ಮೇಲೆ ಕೂತು, ಒಳಗೆ ಅವರ ಊಟ ಮುಗಿಯೋವರೆಗೆ ಕಾದಿದ್ದೀನಿ. ಅದು ನಿಯಮದಲ್ಲಿಲ್ಲ."

"ಊಟ ಮುಗಿಯೋವರೆಗೆ ಕಾಯೋದು ಬೇರೆ," ಎಂದರು ಅತ್ತೆ. ಸೊಸೆಯ ಕಡೆ ತಿರುಗಿದರು. ಕನ್ನಡಕದ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. "ಮೂರು ವರ್ಷ ಊಟ ಮಾಡಿದೆನಲ್ಲೇ ನಾನು! ಬಂದವರಿಗೆಲ್ಲ ಬೆರಳಿಗೇ ಕಣ್ಣಿದೆ ಅಂತ ಹೇಳಿದೆ. ಅವರು ತಲೆ ಆಡಿಸಿದ್ರು. ಮನೆಗೆ ಹೋಗಿ ನಕ್ಕಿರ್ತಾರೆ."

"ಯಾರೂ ನಗಲಿಲ್ಲ ಅತ್ತೆ."

"ನಿನಗೇನು ಗೊತ್ತು? ಕೆಟ್ಟಿದ್ದು ನನ್ನ ಕಣ್ಣು, ಕೈಯಲ್ಲ. ಅವತ್ತೇ ಒಂದು ಮಾತು ಹೇಳಿದ್ರೆ ಅವತ್ತೇ ಕನ್ನಡಕ ಹಾಕ್ತಿದ್ದೆ. ಮೂರು ವರ್ಷ ನೆಟ್ಟಗೆ ಹೊಲೀತಿದ್ದೆ."

ಇಷ್ಟು ಹೊತ್ತು ಬಾಗಿದ್ದ ಸೊಸೆಯ ತಲೆ ಈಗ ಮೇಲೆದ್ದಿತು. ಏನಾದರಾಗಲಿ, ಇದನ್ನೂ ಹೇಳದೆ ಬಿಟ್ಟರೆ ಮತ್ತೊಂದು ಮೂರು ವರ್ಷ ಆಗುತ್ತದೆ ಎಂದುಕೊಂಡಳು.

"ಹಾಕ್ತಿರಲಿಲ್ಲ ಅತ್ತೆ. ಕತ್ತರಿ ಕೆಳಗಿಡ್ತಿದ್ರಿ. ಈಗ ಇಟ್ಟ ಹಾಗೆ. ಅವತ್ತು ಮಾವ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಣ್ಣೋ ಕೈಯೋ ಅಂತ ವಿಚಾರಿಸೋ ಹಾಗಿದ್ರಾ ನೀವು? ನನಗೆ ನೆಟ್ಟಗಿನ ಹೊಲಿಗೆ ಬೇಕಿರಲಿಲ್ಲ, ನೀವು ಬೇಕಿತ್ತು. ಬಿಚ್ಚಿದೆ. ಹೊಲಿದೆ. ಅವತ್ತಿಗೆ ಸರಿ ಅನ್ನಿಸ್ತು. ಆಮೇಲೆ… ಆಮೇಲೆ ಹೇಳಬೇಕಿತ್ತು. ಯಾವ ದಿನ ಹೇಳಬೇಕಿತ್ತೋ ಆ ದಿನ ಯಾವುದು ಅಂತ ಗೊತ್ತಾಗಲಿಲ್ಲ. ಅದು ನನ್ನ ತಪ್ಪು. ಅದನ್ನ ನನ್ನ ತಲೆಗೇ ಹಾಕಿ."

ಹಲಗೆಯ ಆಚೆ ಇಸ್ತ್ರಿ ಪೆಟ್ಟಿಗೆ ಇಟ್ಟಲ್ಲೇ ನಿಂತಿತ್ತು. ಬಟ್ಟೆ ಸುಟ್ಟ ಸಣ್ಣ ವಾಸನೆ ಬಂತು, ಜೊತೆಗೆ "ಥೂ, ನನ್ನ ಪಂಚೆ!" ಎಂಬ ಪಿಸುಮಾತು.

ಅತ್ತೆ ನೆಲದ ಮೇಲಿನ ಕತ್ತರಿಯನ್ನು ನೋಡುತ್ತ ಕೂತಿದ್ದರು. "ಹೌದು," ಎಂದರು ಕೊನೆಗೆ. "ಇಟ್ಟುಬಿಡ್ತಿದ್ದೆ."

ಮತ್ತೆ ಕೋಟಿನ ಗಂಟನ್ನು ಬೆರಳಿನಿಂದ ಸವರಿದರು.

"ಎಲ್ಲಾ ನನ್ನ ಹಾಗೇ ಮಾಡಿದ್ದೀಯ. ಗಂಟು ಯಾಕೆ ನಿನ್ನದು ಹಾಕಿದೆ? ಎರಡು ಸುತ್ತು ಹಾಕಿದ್ರೆ ನಾನು ಸತ್ತರೂ ಗೊತ್ತಾಗ್ತಿರಲಿಲ್ಲ."

"ನೀವೇ ಹೇಳಿದ್ರಲ್ಲ ಅತ್ತೆ. ಯಾರ ಕೈ ಅಂತ ಗೊತ್ತಾಗಬೇಕು ಅಂತ."

ಅತ್ತೆಗೆ ನಗು ಬಂದಂತೆ ಕಂಡಿತು. ಅದನ್ನು ಅವರು ಕೆಮ್ಮಿ ನುಂಗಿಕೊಂಡರು. "ದಡ್ಡಿ. ಕಳ್ಳತನ ಮಾಡಿ ಬಾಗಿಲ ಮೇಲೆ ಹೆಸರು ಬರೆದು ಬಂದಿದ್ದೀಯ." ಕೋಟನ್ನು ಪೋಸ್ಟಮ್ಮನ ಕೈಗೆ ಕೊಟ್ಟು, "ಎಷ್ಟು ಬಟ್ಟೆ?" ಎಂದರು.

ಸೊಸೆ ಬಾಯಿ ತೆರೆದಳು. ಅತ್ತೆ ಕೈ ಅಡ್ಡ ಹಿಡಿದರು.

"ಬೇಡ, ಹೇಳಬೇಡ. ಎಷ್ಟು ಅಂತ ತಿಳ್ಕೊಂಡು ನಾನೇನು ಮಾಲೆ ಕಟ್ಟಬೇಕಾ? ಯಾರು ಏನಂದ್ರು ಅಂತಾನೂ ಬೇಡ. ಅದು ತಿಳಿದ್ರೆ ರಾತ್ರಿ ನಿದ್ದೆ ಕೆಡುತ್ತೆ, ಹೊಲಿಗೆ ನೆಟ್ಟಗಾಗಲ್ಲ. ನನ್ನ ಕೈ ಎಲ್ಲಿ ಸೊಟ್ಟ ಹೋಗುತ್ತೆ, ಅದನ್ನ ಹೇಳು. ಅದು ಬೇಕು ನನಗೆ."

"ಎಡಕ್ಕೆ ಅತ್ತೆ. ಉದ್ದ ಹೊಲಿಗೆ ಅರ್ಧ ಆದಮೇಲೆ ಎಡಕ್ಕೆ ಎಳೀತೀರಿ. ಕಾಲರಿನ ತಿರುವಿನಲ್ಲಿ ಬಟ್ಟೆ ತಿರುಗಿಸೋ ಮೊದಲೇ ಪೆಡಲ್ ತುಳೀತೀರಿ."

"ಮತ್ತೆ?"

"ಗುಂಡಿಯ ಕಾಜಾ ಒಂದೊಂದು ಒಂದೊಂದು ಉದ್ದ."

"ಮತ್ತೆ?"

"ಸಾಕಲ್ವಾ ಅತ್ತೆ?"

"ಸಾಕು ಅಂತ ನಾನು ಹೇಳಬೇಕು, ನೀನಲ್ಲ. ಮೂರು ವರ್ಷ ನೀನೇ ಸಾಕು ಬೇಕು ಅಂತ ತೀರ್ಮಾನ ಮಾಡಿದ್ದು ಆಯ್ತು." ಅತ್ತೆ ಬಗ್ಗಿ ಕತ್ತರಿ ಎತ್ತಿಕೊಂಡರು, ಚಿಂದಿ ಬಿಚ್ಚಿ ಬುಟ್ಟಿಗೆ ಎಸೆದರು. "ಪೋಸ್ಟಮ್ಮ, ಕೈ ಮೇಲೆತ್ತಿ, ಅಳತೆ ಹಿಡೀಬೇಕು. ನಿಮ್ಮ ಕೋಟು ಶನಿವಾರ ಬೆಳಿಗ್ಗೆ. ಇವಳು ಇದಕ್ಕೆ ಒಂದು ಗುಂಡಿಯನ್ನೂ ಹಚ್ಚೋ ಹಾಗಿಲ್ಲ."

"ಸೊಟ್ಟ ಬಂದ್ರೆ?" ಎಂದರು ಪೋಸ್ಟಮ್ಮ, ಕೈ ಮೇಲೆತ್ತಿಕೊಂಡು.

"ಬಂದ್ರೆ ಬಿಚ್ತೀನಿ. ಮತ್ತೆ ಬಂದ್ರೆ ಮತ್ತೆ ಬಿಚ್ತೀನಿ. ಕಣ್ಣು ಬಂದಿರೋದು ಮತ್ತೆ ಯಾತಕ್ಕೆ?"

ಪೋಸ್ಟಮ್ಮ ಹೋದ ಮೇಲೆ ಅತ್ತೆ ಬೂದು ಬಟ್ಟೆ ಕತ್ತರಿಸಿ, ಹೊಸ ಕೋಟಿನ ಬೆನ್ನಿನ ಹೊಲಿಗೆಗೆ ಕೂತರು. ಕಣ್ಣು ಬಂದ ಮಾತ್ರಕ್ಕೆ ಕೈ ಕೂಡಲೇ ಮಾತು ಕೇಳುತ್ತದೆಯೇ? ಮೂರು ವರ್ಷ ಕಾಣದೆ ಕಲಿತ ಅಭ್ಯಾಸ ಅದು. ಮೊದಲ ಸಲ ಹೊಲಿಗೆ ಅರ್ಧದ ನಂತರ ಎಡಕ್ಕೆ ಹೊರಟಿತು. ಅತ್ತೆ ಅದನ್ನು ಕನ್ನಡಕದ ಹತ್ತಿರ ಹಿಡಿದು, ತಾವು ಎಂದೂ ಕಾಣದ ಊರಿನ ರಸ್ತೆ ನೋಡುವಂತೆ ನೋಡಿದರು. ಹೀಗಿತ್ತಾ ಮೂರು ವರ್ಷ ಎಂದು ಕೇಳಲಿಲ್ಲ. ಕೈ ಚಾಚಿದರು.

"ಆ ಕೊಕ್ಕೆ ಎಲ್ಲಿಟ್ಟಿದ್ದೀಯ?"

ಸೊಸೆ ಗುಂಡಿಯ ಡಬ್ಬಿಯನ್ನು ಬೋರಲು ಹಾಕಿ, ತಳದಿಂದ ಕೊಕ್ಕೆ ತೆಗೆದುಕೊಟ್ಟಳು. ಸವೆದು ನುಣುಪಾಗಿದ್ದ ಅದರ ಹಿಡಿಯನ್ನು ಅತ್ತೆ ಒಮ್ಮೆ ನೋಡಿದರು, ಸೊಸೆಯ ಬಲಗೈಯ ದಡ್ಡುಗಟ್ಟಿದ ಹೆಬ್ಬೆರಳನ್ನು ಒಮ್ಮೆ ನೋಡಿದರು. ಆಮೇಲೆ ಬಿಚ್ಚತೊಡಗಿದರು.

ಎರಡನೆಯ ಸಲವೂ ಎಡಕ್ಕೇ ಹೋಯಿತು, ಸ್ವಲ್ಪ ಕಡಿಮೆ. ಮೂರನೆಯ ಸಲ ಹೆದರಿ ಬಲಕ್ಕೆ ಎಳೆದರು. ಸೊಸೆಗೆ ಕೈ ಕಡಿಯುತ್ತಿತ್ತು; ಎದ್ದು ಹೋಗಿ ಆ ಬಟ್ಟೆಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದರೆ ಸಾಕು, ನೆಟ್ಟಗಾಗುತ್ತದೆ. ತನ್ನ ಎರಡೂ ಕೈಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತಳು. ಬಿಚ್ಚಿ ಹೊಲಿಯುವುದಕ್ಕಿಂತ ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ಅವಳಿಗೆ ಇಂದು ತಿಳಿಯಿತು.

"ಉಸಿರು ಬಿಡೇ," ಎಂದರು ಅತ್ತೆ, ತಲೆಯೆತ್ತದೆ. "ನೀನು ಉಸಿರು ಹಿಡಿದ್ರೆ ನನಗೂ ಹಿಡಿಯುತ್ತೆ."

ನಾಲ್ಕನೆಯ ಸಲ ಮುಕ್ಕಾಲು ದೂರ ನೆಟ್ಟಗೆ ಬಂತು. ಮುಕ್ಕಾಲು ಸಾಲದು. ಅತ್ತೆ ಮತ್ತೆ ಕೊಕ್ಕೆ ಹಿಡಿದರು.

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಅಭ್ಯಾಸ ಎಂಬುದು ಕೆಟ್ಟದ್ದು. ಮೂರು ವರ್ಷದಿಂದ ನಾಲ್ಕಕ್ಕೆ ಸರಿಯಾಗಿ ಮಾಡುತ್ತಿದ್ದ ಹಾಗೇ ಹಬೆಯಣ್ಣನ ತಲೆ ಕಿಂಡಿಯಲ್ಲಿ ತೂರಿತು, "ಹೋದ್ರಾ? ಏನಾದ್ರೂ ಇದೆಯಾ ಮುಚ್ಚೋಕೆ?" ಎಂದು ಪಿಸುಗುಟ್ಟಿತು. ಆಮೇಲೆ ಮಿಷನ್ನಿನ ಮುಂದೆ ಕೂತಿದ್ದ ಅತ್ತೆಯನ್ನು ಕಂಡು ಬಾಯಿ ತೆರೆದುಕೊಂಡೇ ನಿಂತಿತು.

"ಇದೆ," ಎಂದರು ಅತ್ತೆ, ಬೂದು ಬಟ್ಟೆಯನ್ನು ಕಿಂಡಿಯತ್ತ ಚಾಚಿ. "ನಾಲ್ಕು ಸಲ ಬಿಚ್ಚಿದ್ದೀನಿ. ತೂತು ಮುಚ್ಚಿ ಕೊಡು. ಬೇಗ. ಐದನೇದಕ್ಕೆ ಕೂರಬೇಕು."

ಹಲಗೆಯ ಆಚೆ ಹಬೆ ಚುಸ್ಸೆಂದಿತು. ಹೊರಗೆ ಬಿಸಿಲು ಬೀದಿಯ ಆಚೆ ಬದಿಗೆ ದಾಟಿತ್ತು. ಸೊಸೆ ಎದ್ದು, ಅತ್ತೆಯ ಮಿಷನ್ನಿನ ಮೇಲಿನ ದೀಪದ ಸ್ವಿಚ್ಚು ಒತ್ತಿದಳು. ಈ ಹೊತ್ತಿನಲ್ಲಿ ಆ ದೀಪ ಉರಿಯದೆ ಮೂರು ವರ್ಷವಾಗಿತ್ತು. ಎರಡು ಸಲ ಮಿಣುಕಿ, ಹತ್ತಿಕೊಂಡಿತು.